ಪ್ಯಾಟರ್ನ್ ನಿಮ್ಮ ಕೈಗೆ ಒಗ್ಗಬೇಕು: ಕ್ರೋಶೆ ಸೂಚನೆಗಳನ್ನು ಓದಿ, ತಿದ್ದಿ, ಬರೆದುಕೊಳ್ಳುವ ಬಗೆ

ಒಂದೇ ಟೋಪಿಯ ಪ್ಯಾಟರ್ನನ್ನು ಒಬ್ಬರು ನಾಲ್ಕು ಪುಟ ಬರೆಯುತ್ತಾರೆ. ಇನ್ನೊಬ್ಬರು ಹನ್ನೆರಡು ಸಾಲಿನಲ್ಲಿ ಮುಗಿಸುತ್ತಾರೆ. ಮತ್ತೊಬ್ಬರು ಅಕ್ಷರದ ಗೊಡವೆಯೇ ಬೇಡವೆಂದು ಚಿತ್ರ ಬಿಡಿಸಿ ಕೈಗಿಡುತ್ತಾರೆ. ಯಾವುದನ್ನು ಹಿಡಿದು ಕುಳಿತರೂ ಕೊನೆಗೆ ತಲೆಗೇರುವುದು ಅದೇ ಟೋಪಿ. ಆದರೆ ಹೆಣೆಯುವಾಗಿನ ಪಾಡು ಒಂದೇ ಅಲ್ಲ. ನಾಲ್ಕು ಪುಟದ್ದನ್ನು ಕೊಟ್ಟರೆ ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಎಲ್ಲಿದ್ದೆ ಎಂಬುದೇ ನನಗೆ ಮರೆತಿರುತ್ತದೆ. ನನ್ನ ಅಕ್ಕನಿಗೆ ಬೇಕಾದದ್ದು ಅದೇ ನಾಲ್ಕು ಪುಟ. ನನ್ನ ಹನ್ನೆರಡು ಸಾಲನ್ನು ನೋಡಿದರೆ "ಇದೇನು, ಔಷಧದ ಚೀಟಿಯೇ?" ಎನ್ನುತ್ತಾಳೆ.

ಸಂಕ್ಷೇಪ ಓದಬಲ್ಲವರು ಪಳಗಿದವರು, ಪೂರ್ಣ ವಾಕ್ಯ ಬೇಕೆನ್ನುವವರು ಹೊಸಬರು ಎಂದು ಬಹಳ ಕಾಲ ತಿಳಿದಿದ್ದೆ. ಆದರೆ ಅಕ್ಕನ ಹೆಣಿಗೆ ನನ್ನದಕ್ಕಿಂತ ಚೊಕ್ಕ. ಅವಳು ಹೆಣೆದದ್ದರ ಅಂಚು ಗೆರೆ ಎಳೆದಂತಿರುತ್ತದೆ. ಹಾಗಾಗಿ ಆ ಜಂಬ ಬಿಟ್ಟೆ. ಇದು ಓದುವ ಸ್ವಭಾವದ ಮಾತು, ಕೈಚಳಕದ್ದಲ್ಲ. ನಮ್ಮ ಸ್ವಭಾವಕ್ಕೆ ತಕ್ಕಂತೆ ಬರೆದ ಪ್ಯಾಟರ್ನ್ ಸಿಗಲಿ ಎಂದು ಹುಡುಕುತ್ತ ಕೂರುವುದಕ್ಕಿಂತ, ಸಿಕ್ಕಿದ್ದನ್ನು ನಮ್ಮ ರೀತಿಯಲ್ಲಿ ತಿರುಗಿ ಬರೆದುಕೊಳ್ಳುವುದು ಸುಲಭ. ಅಚ್ಚಾದ ಪ್ಯಾಟರ್ನ್ ನನ್ನ ಪಾಲಿಗೆ ಕಚ್ಚಾ ಮಾಲು. ಅದನ್ನು ಜಾಲಾಡುವ ಮತ್ತು ತಿದ್ದಿಕೊಳ್ಳುವ ಕ್ರಮವನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಚೈನ್, ಸಿಂಗಲ್ ಕ್ರೋಶೆ, ಡಬಲ್ ಕ್ರೋಶೆ ಹಾಕಲು ನಿಮಗೆ ಬರುತ್ತದೆ ಎಂದುಕೊಂಡಿದ್ದೇನೆ. ಹೆಸರುಗಳೆಲ್ಲ ಅಮೆರಿಕದ ರೂಢಿಯವು. ಇದನ್ನು ಏಕೆ ಹೇಳಬೇಕಾಯಿತು ಎಂಬುದು ಎರಡನೆಯ ಹೆಜ್ಜೆಯಲ್ಲಿ ತಿಳಿಯುತ್ತದೆ.

ಹೆಜ್ಜೆ 1: ನಿಮ್ಮ ಕಣ್ಣಿಗೆ ಯಾವುದು ಒಗ್ಗುತ್ತದೆ ಎಂದು ಪರೀಕ್ಷಿಸಿ

ಪರೀಕ್ಷೆಗೆ ಗ್ರಾನಿ ಸ್ಕ್ವೇರ್‌ಗಿಂತ, ಅಂದರೆ ನಡುವಿನಿಂದ ಸುತ್ತು ಸುತ್ತಾಗಿ ಬೆಳೆಯುವ ಚೌಕಕ್ಕಿಂತ, ಒಳ್ಳೆಯದಿಲ್ಲ. ಚಿಕ್ಕದು, ಬೇಗ ಮುಗಿಯುತ್ತದೆ, ತಪ್ಪಿದರೆ ತಕ್ಷಣ ಕಾಣುತ್ತದೆ. ಅದರ ಮೊದಲ ಸುತ್ತನ್ನು ಬೇರೆ ಬೇರೆ ರೀತಿಯಲ್ಲಿ ಬರೆಯುತ್ತೇನೆ.

ವಾಕ್ಯದಲ್ಲಿ: ನಾಲ್ಕು ಚೈನ್ ಹಾಕಿ, ಮೊದಲ ಚೈನಿಗೆ ಸ್ಲಿಪ್ ಸ್ಟಿಚ್ ಹಾಕಿ ಉಂಗುರ ಮಾಡಿ. ಮೂರು ಚೈನ್ ಏರಿಸಿ; ಇದನ್ನು ಒಂದು ಡಬಲ್ ಕ್ರೋಶೆ ಎಂದು ಲೆಕ್ಕಕ್ಕೆ ಹಿಡಿಯಿರಿ. ಉಂಗುರದೊಳಗೆ ಇನ್ನೆರಡು ಡಬಲ್ ಹಾಕಿ, ಎರಡು ಚೈನ್ ಹಾಕಿ. ಆಮೇಲೆ ಉಂಗುರದೊಳಗೆ ಮೂರು ಡಬಲ್, ಅದರ ಬೆನ್ನಿಗೆ ಎರಡು ಚೈನ್. ಹೀಗೆ ಮೂರು ಸಲ ಮಾಡಿ. ಮೊದಲು ಏರಿಸಿದ ಮೂರು ಚೈನಿನ ತುದಿಗೆ ಸ್ಲಿಪ್ ಸ್ಟಿಚ್ ಹಾಕಿ ಸುತ್ತನ್ನು ಮುಚ್ಚಿ.

ಸಂಕ್ಷೇಪದಲ್ಲಿ: ಉಂಗುರ 4ಚೈ. ಸುತ್ತು 1: 3ಚೈ (1ಡ ಎಂದು ಲೆಕ್ಕ), 2ಡ, 2ಚೈ, [3ಡ, 2ಚೈ] × 3, ಸ್ಲಿ. = 12ಡ, 4 ಮೂಲೆ.

ಸೂತ್ರದಲ್ಲಿ: ಉಂಗುರದಲ್ಲಿ ಮೂರು ಡಬಲ್‌ನ ನಾಲ್ಕು ಗುಂಪು, ಪ್ರತಿ ಗುಂಪಿನ ನಡುವೆ 2 ಚೈನಿನ ಮೂಲೆ. ಮುಂದಿನ ಎಲ್ಲ ಸುತ್ತುಗಳಲ್ಲೂ ಮೂಲೆಗೆ ಎರಡು ಗುಂಪು ಮತ್ತು ನಡುವೆ 2 ಚೈನ್, ಬದಿಯ ಸಂದಿಗೆ ಒಂದೊಂದು ಗುಂಪು.

ಚಿತ್ರದಲ್ಲಾದರೆ ನಡುವೆ ಒಂದು ವೃತ್ತ, ಅದರಿಂದ ಹೊರಟ ಅಡ್ಡಗೆರೆಯ ಕಂಬಗಳು, ಮೂಲೆಗಳಲ್ಲಿ ಎರಡೆರಡು ಮೊಟ್ಟೆಯಾಕಾರ. ಮೊಟ್ಟೆ ಎಂದರೆ ಚೈನ್, ಚುಕ್ಕೆ ಎಂದರೆ ಸ್ಲಿಪ್ ಸ್ಟಿಚ್, ಗುಣಾಕಾರದ ಅಥವಾ ಕೂಡಿಸುವ ಗುರುತು ಎಂದರೆ ಸಿಂಗಲ್. ಇಂಗ್ಲಿಷಿನ ಟಿ ಅಕ್ಷರದಂಥ ಕಂಬ ಅರ್ಧ ಡಬಲ್. ಆ ಕಂಬದ ಮೈಮೇಲೆ ಒಂದು ಓರೆಗೆರೆ ಬಿದ್ದರೆ ಡಬಲ್, ಎರಡು ಬಿದ್ದರೆ ಟ್ರೆಬಲ್. ಕಡ್ಡಿಯನ್ನು ಚುಚ್ಚುವ ಮೊದಲು ಎಷ್ಟು ಸಲ ದಾರ ಸುತ್ತಿಕೊಳ್ಳಬೇಕೋ ಅಷ್ಟು ಓರೆಗೆರೆ ಎಂಬ ಗುಟ್ಟು ತಿಳಿದರೆ ಡಬಲ್‌ನಿಂದ ಮೇಲಿನವನ್ನು ಬಾಯಿಪಾಠ ಮಾಡಬೇಕಿಲ್ಲ. ಜಪಾನಿನ ಪ್ಯಾಟರ್ನ್‌ಗಳು ಹೆಚ್ಚಾಗಿ ಚಿತ್ರವನ್ನೇ ನಂಬುತ್ತವೆ. ಆ ದೇಶದ ಕೈಗಾರಿಕಾ ಮಾನದಂಡಗಳಲ್ಲಿ ಹೆಣಿಗೆಯ ಸಂಕೇತಗಳಿಗೂ ಜಾಗವಿದೆ. ಜಪಾನಿ ಭಾಷೆಯ ಒಂದಕ್ಷರ ಬಾರದವರೂ ಆ ಚಿತ್ರ ನೋಡಿ ಮೇಜಿನ ಹೊದಿಕೆ ಹೆಣೆದು ಮುಗಿಸುವುದು ಇದರಿಂದಲೇ.

ಈಗ ಒಂದೊಂದು ರೀತಿಯನ್ನು ಮುಂದಿಟ್ಟುಕೊಂಡು ಒಂದೊಂದು ಸ್ಕ್ವೇರ್ ಹೆಣೆಯಿರಿ. ಬೆಳಗ್ಗೆ ಲವಲವಿಕೆಯಲ್ಲಿ ಇರುವಾಗ ಬೇಡ. ಆಗ ಎಲ್ಲವೂ ಅರ್ಥವಾಗುತ್ತದೆ. ದಿನದ ಕೆಲಸ ಮುಗಿದು ದಣಿದಿರುವಾಗ ಮಾಡಿ. ಕಾಗದದ ಕಡೆ ಎಷ್ಟು ಸಲ ಕಣ್ಣು ಹೋಯಿತು, ಮರಳಿ ಬಂದಾಗ ಬಿಟ್ಟ ಜಾಗ ಸಿಕ್ಕಿತೇ, ಹೆಣೆಯುವಾಗ ತುಟಿ ಅಲುಗುತ್ತಿತ್ತೇ ಎಂದು ಗಮನಿಸಿ. ತುಟಿ ಅಲುಗುವವರಿಗೆ ಸಾಮಾನ್ಯವಾಗಿ ವಾಕ್ಯವೇ ಹಿತ, ಪದ್ಯದಂತೆ ಹೇಳಿಕೊಂಡು ಹೋಗುತ್ತಾರೆ. ಹೆಣಿಗೆಯನ್ನೇ ನೋಡುತ್ತ ಮುಂದಿನದನ್ನು ಊಹಿಸುವವರಿಗೆ ಚಿತ್ರ ಅಥವಾ ಸೂತ್ರ ಸಾಕು.

ಸೂತ್ರದ ದಾರಿ ಎಷ್ಟು ದೂರ ಕೊಂಡೊಯ್ಯಬಲ್ಲದು ಎಂಬುದಕ್ಕೆ ಒಂದು ಉದಾಹರಣೆ ನನಗೆ ಬಹಳ ಇಷ್ಟ. ಲಾಟ್ವಿಯಾ ಮೂಲದ ಗಣಿತಜ್ಞೆ ಡೈನಾ ಟೈಮಿನಾ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದಾಗ, 1997ರಲ್ಲಿ, ಹೈಪರ್ಬೋಲಿಕ್ ಸಮತಲ ಎಂಬ ಗಣಿತದ ಆಕಾರವನ್ನು ಕ್ರೋಶೆಯಲ್ಲಿ ಹೆಣೆದರು. ನೆರಿಗೆ ನೆರಿಗೆಯಾಗಿ ಹವಳದಂತೆ ಅರಳುವ ಆ ವಸ್ತುವಿನ ಪ್ಯಾಟರ್ನ್ ಒಂದೇ ಸಾಲಿನದು: ಇಷ್ಟು ಸ್ಟಿಚ್‌ಗೆ ಒಂದರಂತೆ ಹೆಚ್ಚಿಸುತ್ತ ಹೋಗಿ, ಆ ಪ್ರಮಾಣವನ್ನು ಬದಲಿಸಬೇಡಿ. ಅದನ್ನೇ ಸಾಲುಸಾಲಾಗಿ ಬರೆದಿದ್ದರೆ ಪುಟಗಳು ತುಂಬುತ್ತಿದ್ದವು, ವಿಷಯ ಕಳೆದುಹೋಗುತ್ತಿತ್ತು.

ಹೆಜ್ಜೆ 2: ಇದು ಅಮೆರಿಕದ್ದೋ ಬ್ರಿಟನ್ನಿನದೋ?

ಕಡ್ಡಿ ಕೈಗೆತ್ತಿಕೊಳ್ಳುವ ಮೊದಲು ಮಾಡಬೇಕಾದ ಕೆಲಸ ಇದು. ಎರಡು ದೇಶಗಳೂ ಅದೇ ಪದಗಳನ್ನು ಬಳಸುತ್ತವೆ, ಅರ್ಥ ಮಾತ್ರ ಒಂದೊಂದು ಮೆಟ್ಟಿಲು ಜರುಗಿದೆ. ಅಮೆರಿಕದ ಸಿಂಗಲ್ ಕ್ರೋಶೆ ಬ್ರಿಟನ್ನಿನಲ್ಲಿ ಡಬಲ್ ಕ್ರೋಶೆ. ಅಮೆರಿಕದ ಅರ್ಧ ಡಬಲ್ ಅಲ್ಲಿ ಅರ್ಧ ಟ್ರೆಬಲ್. ಅಮೆರಿಕದ ಡಬಲ್ ಅಲ್ಲಿ ಟ್ರೆಬಲ್. ಅಮೆರಿಕದ ಟ್ರೆಬಲ್ ಅಲ್ಲಿ ಡಬಲ್ ಟ್ರೆಬಲ್. ಚೈನ್ ಮತ್ತು ಸ್ಲಿಪ್ ಸ್ಟಿಚ್ ಮಾತ್ರ ಎರಡೂ ಕಡೆ ಒಂದೇ. ಹಾಗಾಗಿ "ಡಿಸಿ" ಎಂಬ ಡಬಲ್ ಕ್ರೋಶೆಯ ಎರಡಕ್ಷರದ ಸಂಕ್ಷೇಪವನ್ನು ಕಂಡಾಗ ನಂಬಬೇಡಿ.

ನಂಬಿ ಕೆಟ್ಟವಳು ನಾನು. ಒಂದು ಕರಡಿ ಗೊಂಬೆಯ ತಲೆ. ಉಂಗುರದಲ್ಲಿ 6 ಡಿಸಿ, ಮುಂದಿನ ಸುತ್ತಿಗೆ 12, ಆಮೇಲೆ 18, 24. ಅಮೆರಿಕದ ಡಬಲ್ ಎಂದುಕೊಂಡು ಹಾಕುತ್ತ ಹೋದೆ. ಎಣಿಕೆ ಸರಿಯಾಗಿಯೇ ಬರುತ್ತಿತ್ತು, ತಲೆ ಮಾತ್ರ ಆಲಿಕೆಯಂತೆ ಚೂಪಾಗುತ್ತಿತ್ತು. ನನ್ನ ಕೈ ಬಿಗಿ ಇರಬೇಕು ಎಂದು ಬಿಚ್ಚಿ ಸಡಿಲವಾಗಿ ಹಾಕಿದೆ. ಈಗ ಆಲಿಕೆಗೆ ತೂತುಗಳೂ ಬಂದು, ಒಳಗೆ ತುಂಬಿದ ಹತ್ತಿ ಇಣುಕಿತು. ಪ್ಯಾಟರ್ನ್ ಬ್ರಿಟನ್ನಿನದು, ಹಾಕಬೇಕಾಗಿದ್ದದ್ದು ಸಿಂಗಲ್. ತಲೆ ಚೂಪಾದದ್ದಕ್ಕೆ ಕಾರಣವೂ ಲೆಕ್ಕದಲ್ಲೇ ಇದೆ. ಸಿಂಗಲ್‌ನ ಎತ್ತರ ಸುಮಾರಾಗಿ ಅದರ ಅಗಲದಷ್ಟೇ. ಪ್ರತಿ ಸುತ್ತಿಗೆ ತ್ರಿಜ್ಯ ಒಂದು ಸ್ಟಿಚ್ ಬೆಳೆದರೆ ಪರಿಧಿ ಆರು ಚಿಲ್ಲರೆ ಸ್ಟಿಚ್ ಬೆಳೆಯಬೇಕು, ಆದ್ದರಿಂದ ಆರು ಹೆಚ್ಚಿಸಿದರೆ ವೃತ್ತ ಚಪ್ಪಟೆಯಾಗಿ ಕೂರುತ್ತದೆ. ಡಬಲ್ ಸುಮಾರು ಎರಡು ಪಟ್ಟು ಎತ್ತರ; ಅದಕ್ಕೆ ಪ್ರತಿ ಸುತ್ತಿಗೂ ಹನ್ನೆರಡು ಬೇಕು. ಆರನ್ನೇ ಕೊಟ್ಟರೆ ಅಂಚಿಗೆ ಬಟ್ಟೆ ಸಾಲದೆ ಎಲ್ಲವೂ ಒಳಕ್ಕೆ ಬಾಗುತ್ತದೆ.

ಪ್ಯಾಟರ್ನ್ ಯಾವ ಕಡೆಯದೆಂದು ಬರೆದಿರದಿದ್ದರೆ ಸುಳಿವುಗಳನ್ನು ಹುಡುಕಿ. "ಸಿಂಗಲ್ ಕ್ರೋಶೆ" ಎಂಬ ಪದ ಎಲ್ಲಾದರೂ ಬಂದರೆ ಅದು ಅಮೆರಿಕದ್ದು. ಇಂದಿನ ಬ್ರಿಟಿಷ್ ರೂಢಿಯಲ್ಲಿ ಆ ಹೆಸರೇ ಇಲ್ಲ. "ಅರ್ಧ ಟ್ರೆಬಲ್" ಬಂದರೆ ಬ್ರಿಟನ್ನಿನದು. ಸ್ಟಿಚ್ ಬಿಡಲು ಅಮೆರಿಕದವರು ಸ್ಕಿಪ್ ಎಂದರೆ ಬ್ರಿಟನ್ನಿನವರು ಮಿಸ್ ಎನ್ನುತ್ತಾರೆ. ಇಂತಿಷ್ಟು ಅಳತೆಗೆ ಎಷ್ಟು ಸ್ಟಿಚ್ ಎಂಬ ಲೆಕ್ಕವನ್ನು ಅವರು ಗೇಜ್ ಎಂದರೆ ಇವರು ಟೆನ್ಷನ್ ಎನ್ನುತ್ತಾರೆ. ಯಾವುದೆಂದು ತಿಳಿದ ಕೂಡಲೇ ಮೊದಲ ಪುಟದ ತಲೆಯ ಮೇಲೆ ಕೆಂಪು ಶಾಯಿಯಲ್ಲಿ ದೊಡ್ಡದಾಗಿ ಬರೆದುಬಿಡಿ.

ಹೆಜ್ಜೆ 3: ನಕ್ಷತ್ರ ಮತ್ತು ಆವರಣಗಳನ್ನು ಬಿಡಿಸಿ ಓದಿ

ಹೆಚ್ಚಿನ ಜಗಳಗಳು ಹುಟ್ಟುವುದು ಇಲ್ಲಿ. ಈ ಸಾಲನ್ನು ನೋಡಿ:

*ಮುಂದಿನದಕ್ಕೆ 1 ಸಿಂಗಲ್, ಅದರ ಮುಂದಿನದಕ್ಕೆ 2 ಸಿಂಗಲ್. * ಗುರುತಿನಿಂದ 5 ಸಲ ಪುನರಾವರ್ತಿಸಿ.

ಒಟ್ಟು ಐದೇ, ಆರೇ? ನಕ್ಷತ್ರದಿಂದ ಒಮ್ಮೆ ಹೇಗೂ ಮಾಡಿಯಾಗಿದೆ. ಪುನರಾವರ್ತನೆ ಎಂದರೆ ಅದರ ಮೇಲೆ ಐದು, ಅಂದರೆ ಒಟ್ಟು ಆರು. ರೂಢಿಯ ಅರ್ಥ ಇದು. ಆದರೆ ಒಟ್ಟು ಐದು ಎಂಬ ಅರ್ಥದಲ್ಲಿ ಬರೆಯುವವರೂ ಇದ್ದಾರೆ. "ಇನ್ನೂ 5 ಸಲ" ಎಂದು ಬರೆದಿದ್ದರೆ ಯಾರಿಗೂ ಅನುಮಾನ ಇರುತ್ತಿರಲಿಲ್ಲ. ಚೌಕ ಆವರಣದಲ್ಲಿ ಹಾಕಿ "× 6" ಎಂದು ಬರೆದರೆ ಇನ್ನೂ ಒಳ್ಳೆಯದು, ಅದು ಯಾವಾಗಲೂ ಒಟ್ಟು ಲೆಕ್ಕ. ನನ್ನನ್ನು ಕೇಳಿದರೆ ನಕ್ಷತ್ರಗಳನ್ನು ಆಕಾಶಕ್ಕೆ ಬಿಟ್ಟುಬಿಡಬೇಕು.

ಬರೆದವರನ್ನು ಕೇಳುವ ಹಾಗಿಲ್ಲ ಎಂದಾದಾಗ ಒಂದು ಉಪಾಯವಿದೆ. ಪ್ರತಿ ಪುನರಾವರ್ತನೆಯೂ ಕೆಳಗಿನ ಸುತ್ತಿನ ಎಷ್ಟು ಸ್ಟಿಚ್‌ಗಳನ್ನು ನುಂಗುತ್ತದೆ, ಮೇಲೆ ಎಷ್ಟನ್ನು ಕೊಡುತ್ತದೆ ಎಂದು ಎಣಿಸಿ. ಮೇಲಿನ ಸಾಲು ಎರಡನ್ನು ನುಂಗಿ ಮೂರನ್ನು ಕೊಡುತ್ತದೆ. ಕೆಳಗಿನ ಸುತ್ತಿನಲ್ಲಿ 12 ಇದ್ದರೆ ಆರು ಸಲ ಮಾಡಿದಾಗ 12 ತೀರುತ್ತದೆ, ಮೇಲೆ 18 ಬರುತ್ತದೆ. ಐದೇ ಸಲ ಮಾಡಿದರೆ ಎರಡು ಸ್ಟಿಚ್ ಅನಾಥವಾಗಿ ಉಳಿಯುತ್ತವೆ. ಈ ನುಂಗುವ ಲೆಕ್ಕ ಗೊತ್ತಿದ್ದರೆ ಅಚ್ಚಿನ ತಪ್ಪನ್ನೂ ಹಿಡಿಯಬಹುದು.

ಅದೇ ಗ್ರಾನಿ ಸ್ಕ್ವೇರ್‌ನಲ್ಲಿ ನಾಲ್ಕು ಬದಿ ಇರುವಾಗ "× 3" ಏಕೆ ಎಂದು ಅಕ್ಕ ಕೇಳಿದ್ದಳು. ಮೊದಲ ಗುಂಪು ಆವರಣದ ಹೊರಗೇ ಮುಗಿದಿದೆ. ಅದರ ಮೊದಲ ಡಬಲ್ ನಿಜವಾದ ಡಬಲ್ ಅಲ್ಲ, ಮೂರು ಚೈನಿನ ವೇಷ. ವೇಷ ಒಂದೇ ಸಲ ಬರುವುದರಿಂದ ಅದನ್ನು ಪುನರಾವರ್ತನೆಯೊಳಗೆ ಸೇರಿಸಲಾಗದು.

ಆವರಣಗಳ ಇನ್ನೊಂದು ಕಾಟವೆಂದರೆ ಒಂದೇ ಗುರುತಿಗೆ ನಾಲ್ಕು ಕೆಲಸ. (3ಡ, 2ಚೈ, 3ಡ) ಎಂದರೆ ಎಲ್ಲವನ್ನೂ ಒಂದೇ ಜಾಗದಲ್ಲಿ ಹಾಕಿ ಎಂದಿರಬಹುದು. (1ಸಿಂ, ಹೆ) 6 ಸಲ ಎಂದರೆ ಪುನರಾವರ್ತನೆ; ಇಲ್ಲಿ ಸಿಂ ಎಂದರೆ ಸಿಂಗಲ್, ಹೆ ಎಂದರೆ ಒಂದಕ್ಕೆ ಎರಡು ಹಾಕಿ ಹೆಚ್ಚಿಸುವುದು. ಸಾಲಿನ ಕೊನೆಯ (18) ಒಟ್ಟು ಎಣಿಕೆ. ಉಡುಪಿನ ಪ್ಯಾಟರ್ನ್‌ನಲ್ಲಿ 80 (88, 96, 104) ಎಂದರೆ ನಾಲ್ಕು ಅಳತೆಗಳು. ನಾನು ನಕಲು ಮಾಡಿಕೊಳ್ಳುವಾಗ ಒಂದೇ ಜಾಗಕ್ಕೆ ದುಂಡು ಆವರಣ, ಪುನರಾವರ್ತನೆಗೆ ಚೌಕ ಆವರಣ, ಎಣಿಕೆಗೆ ಸಮ ಚಿಹ್ನೆ ಎಂದು ಹಂಚಿಬಿಡುತ್ತೇನೆ. ಅಳತೆಗಳಲ್ಲಿ ನನ್ನದೊಂದನ್ನು ಇಟ್ಟುಕೊಂಡು ಮಿಕ್ಕದ್ದನ್ನು ಬರೆಯುವುದೇ ಇಲ್ಲ.

"ಮುಂದಿನ ಎರಡಕ್ಕೆ ಒಂದೊಂದು" ಮತ್ತು "ಮುಂದಿನ ಒಂದಕ್ಕೆ ಎರಡು" ಎಂಬವು ಇಂಗ್ಲಿಷ್ ಸಂಕ್ಷೇಪದಲ್ಲಿ ಅವಳಿಗಳಂತೆ ಕಾಣುತ್ತವೆ. ಒಂದು ಅಂಕಿ ಆಚೆ ಈಚೆ ಆದರೆ ಅರ್ಥವೇ ಬೇರೆ. ಕನ್ನಡದಲ್ಲಿ ಮನಸ್ಸಿನಲ್ಲೇ ಹೇಳಿಕೊಂಡರೆ ವಿಭಕ್ತಿ ಕಾಪಾಡುತ್ತದೆ. ಅನುಮಾನ ಬಂದ ಸಾಲನ್ನು ಒಮ್ಮೆ ಬಾಯಿ ಬಿಟ್ಟು ಕನ್ನಡದಲ್ಲಿ ಹೇಳಿ ನೋಡಿ.

ಹೆಜ್ಜೆ 4: ಏರಿಸುವ ಚೈನ್ ಲೆಕ್ಕಕ್ಕಿದೆಯೇ?

ಸಾಲು ತಿರುಗಿಸುವಾಗ ಹಾಕುವ ಚೈನನ್ನು ಸ್ಟಿಚ್ ಎಂದು ಎಣಿಸಬೇಕೋ ಬೇಡವೋ ಎಂಬುದನ್ನು ಪ್ಯಾಟರ್ನ್ ಹೇಳಲೇಬೇಕು. ಸಿಂಗಲ್‌ಗೆ ಹಾಕುವ ಒಂದು ಚೈನನ್ನು ಸಾಮಾನ್ಯವಾಗಿ ಎಣಿಸುವುದಿಲ್ಲ, ಡಬಲ್‌ಗೆ ಹಾಕುವ ಮೂರನ್ನು ಸಾಮಾನ್ಯವಾಗಿ ಎಣಿಸುತ್ತಾರೆ. ಅರ್ಧ ಡಬಲ್‌ನ ಎರಡು ಚೈನಿನ ವಿಷಯದಲ್ಲಿ ಒಮ್ಮತವೇ ಇಲ್ಲ.

ಹೇಳದೇ ಇದ್ದರೆ ಮೊದಲ ಸಾಲಿನ ಲೆಕ್ಕದಿಂದ ಕಂಡುಹಿಡಿಯಿರಿ. "20 ಚೈನ್ ಹಾಕಿ, ಕಡ್ಡಿಯಿಂದ ನಾಲ್ಕನೆಯ ಚೈನಿನಿಂದ ಶುರುಮಾಡಿ ಪ್ರತಿ ಚೈನಿಗೂ ಡಬಲ್ ಹಾಕಿ" ಎಂದಿದೆ ಎನ್ನಿ. ಬಿಟ್ಟದ್ದು ಮೂರು, ಉಳಿದದ್ದು 17. ಸಾಲಿನ ಕೊನೆಯಲ್ಲಿ 18 ಎಂದು ಬರೆದಿದ್ದರೆ ಬಿಟ್ಟ ಮೂರು ಚೈನ್ ಒಂದು ಡಬಲ್‌ನ ಸ್ಥಾನದಲ್ಲಿದೆ. 17 ಎಂದಿದ್ದರೆ ಇಲ್ಲ. ಕಡ್ಡಿಯ ಮೇಲೆ ಕೂತಿರುವ ಕುಣಿಕೆಯನ್ನು ಎಂದೂ ಎಣಿಸಬೇಡಿ.

ಎಣಿಸುವ ಪಕ್ಷವಾದರೆ, ಸಾಲಿನ ಮೊದಲ ಸ್ಟಿಚ್ ಬಿಟ್ಟು ಎರಡನೆಯದರಿಂದ ಶುರುಮಾಡಿ ಕೊನೆಯ ಡಬಲ್ ಅನ್ನು ಹಿಂದಿನ ಸಾಲಿನ ಮೂರು ಚೈನಿನ ತುದಿಗೆ ಹಾಕಬೇಕು. ಎಣಿಸದ ಪಕ್ಷವಾದರೆ ಮೊದಲ ಸ್ಟಿಚ್‌ಗೇ ಹಾಕಬೇಕು, ಚೈನಿನ ತುದಿಯನ್ನು ಮುಟ್ಟಬಾರದು. ಎರಡನ್ನೂ ಬೆರೆಸಿದರೆ ಪ್ರತಿ ಸಾಲಿಗೆ ಒಂದೊಂದು ಸ್ಟಿಚ್ ಸೇರುತ್ತದೆ ಅಥವಾ ಕಳಚುತ್ತದೆ. ಮಫ್ಲರ್ ಹೆಣೆಯಲು ಹೊರಟವರ ಕೈಯಲ್ಲಿ ತ್ರಿಕೋನ ಹುಟ್ಟುವುದು ಹೀಗೆ.

ನನಗೆ ಎಣಿಸುವ ಮೂರು ಚೈನ್ ಇಷ್ಟವಿಲ್ಲ. ಅದರ ಪಕ್ಕದಲ್ಲಿ ಹಲ್ಲು ಬಿದ್ದಂತೆ ಸಂದಿ ಉಳಿಯುತ್ತದೆ. ಎರಡು ಚೈನ್ ಏರಿಸಿ, ಅದನ್ನು ಎಣಿಸದೆ, ಮೊದಲ ಸ್ಟಿಚ್‌ಗೇ ಡಬಲ್ ಹಾಕುತ್ತೇನೆ. ಅಕ್ಕ ಮೂರು ಚೈನನ್ನೇ ಹಾಕುತ್ತಾಳೆ, ಅವಳ ಕೈಯಲ್ಲಿ ಸಂದಿ ಕಾಣುವುದಿಲ್ಲ. ಯಾವುದನ್ನು ಆರಿಸಿದರೂ ಆ ಬಟ್ಟೆ ಮುಗಿಯುವವರೆಗೆ ಬದಲಿಸಬೇಡಿ, ನಿಮ್ಮ ನಕಲಿನ ಮೊದಲ ಸಾಲಿನಲ್ಲೇ ಬರೆದಿಡಿ.

ಹೆಜ್ಜೆ 5: ಇಲ್ಲದ ಎಣಿಕೆಯನ್ನು ತುಂಬಿ

ಪ್ರತಿ ಸಾಲಿನ ಕೊನೆಗೂ ಒಟ್ಟು ಸ್ಟಿಚ್ ಎಷ್ಟು ಎಂದು ಬರೆಯದ ಪ್ಯಾಟರ್ನನ್ನು ನಾನು ಅರ್ಧ ಬರೆದದ್ದೆಂದೇ ಪರಿಗಣಿಸುತ್ತೇನೆ. ಹೆಣೆಯುವ ಮೊದಲೇ ಪೆನ್ಸಿಲ್ ಹಿಡಿದು ನುಂಗುವ ಲೆಕ್ಕದಿಂದ ಎಲ್ಲ ಸಾಲುಗಳ ಎಣಿಕೆಯನ್ನೂ ತುಂಬಿ. ಲೆಕ್ಕ ಹೊಂದದ ಸಾಲು ಸಿಕ್ಕಿದರೆ ಅಲ್ಲೊಂದು ಪ್ರಶ್ನಾರ್ಥಕ ಹಾಕಿ. ತಪ್ಪು ಕಾಗದದ ಮೇಲೆ ಸಿಕ್ಕಿದರೆ ರಬ್ಬರ್ ಸಾಕು, ಮೂವತ್ತನೆಯ ಸುತ್ತಿನಲ್ಲಿ ಸಿಕ್ಕಿದರೆ ಸಂಜೆಯೆಲ್ಲ ಬಿಚ್ಚುವುದೇ ಕೆಲಸ.

ಹೆಜ್ಜೆ 6: ನಿಮ್ಮ ಪುಸ್ತಕಕ್ಕೆ ನಿಮ್ಮ ಭಾಷೆಯಲ್ಲಿ ಇಳಿಸಿ

ಒಂದು ನೋಟ್‌ಪುಸ್ತಕ ಇದಕ್ಕೆಂದೇ ಇಡಿ. ಮೊದಲ ಪುಟದಲ್ಲಿ ನಿಮ್ಮ ಸಂಕ್ಷೇಪಗಳು. ನನ್ನವು ಇವು: ಚೈ ಎಂದರೆ ಚೈನ್, ಸ್ಲಿ ಸ್ಲಿಪ್ ಸ್ಟಿಚ್, ಸಿಂ ಸಿಂಗಲ್, ಅ ಅರ್ಧ ಡಬಲ್, ಡ ಡಬಲ್, ಟ್ರೆ ಟ್ರೆಬಲ್, ಹೆ ಎಂದರೆ ಹೆಚ್ಚಿಸುವುದು, ಅಂದರೆ ಒಂದಕ್ಕೆ ಎರಡು, ಕ ಎಂದರೆ ಕಡಿಮೆ ಮಾಡುವುದು, ಅಂದರೆ ಎರಡನ್ನು ಕೂಡಿಸಿ ಒಂದು. ಇಂಗ್ಲಿಷಿನಲ್ಲಿ ಎರಡು ಮೂರು ಅಕ್ಷರ ಬೇಕಾದಲ್ಲಿ ಕನ್ನಡಕ್ಕೆ ಒಂದಕ್ಷರ ಸಾಕು. ಉತ್ಸಾಹದಲ್ಲಿ ಅಂಕಿಗಳನ್ನೂ ಕನ್ನಡದಲ್ಲೇ ಬರೆಯತೊಡಗಿದ್ದೆ. ಸಿಂ ಪಕ್ಕದಲ್ಲಿ ಬರೆದ ಸೊನ್ನೆಗೂ ಅನುಸ್ವಾರಕ್ಕೂ ವ್ಯತ್ಯಾಸ ತಿಳಿಯದೆ ಪೇಚಾಡಿ, ಮತ್ತೆ 1, 2, 3ಕ್ಕೆ ಬಂದೆ.

ಈಗ ಒಂದು ಸಾಲನ್ನು ಹತ್ತಿರದಿಂದ ನೋಡೋಣ. ಗೊಂಬೆಯ ಪ್ಯಾಟರ್ನ್‌ನಲ್ಲಿ ಹೀಗಿತ್ತು ಎನ್ನಿ: "ನಾಲ್ಕನೆಯ ಸುತ್ತು: ಮುಂದಿನ ಎರಡು ಸ್ಟಿಚ್‌ಗಳಿಗೆ ಒಂದೊಂದು ಸಿಂಗಲ್ ಹಾಕಿ, ನಂತರದ ಸ್ಟಿಚ್‌ಗೆ ಎರಡು ಸಿಂಗಲ್ ಹಾಕಿ; ಸುತ್ತು ಮುಗಿಯುವವರೆಗೆ ಹೀಗೆಯೇ ಮಾಡಿ." ನನ್ನ ಪುಸ್ತಕದಲ್ಲಿ:

ಸು 4: [2ಸಿಂ, ಹೆ] × 6 = 24

ಇಲ್ಲಿಗೆ ನಕಲು ಆಯಿತು. ಆದರೆ ಪ್ರತಿ ಸುತ್ತಿನಲ್ಲೂ ಹೆಚ್ಚಿಸುವ ಜಾಗ ಒಂದರ ಮೇಲೊಂದು ಬಿದ್ದರೆ ವೃತ್ತದ ಬದಲು ಆರು ಮೂಲೆಯ ಆಕಾರ ಎದ್ದು ಕಾಣುತ್ತದೆ. ಕರಡಿಯ ತಲೆಗೆ ಮೂಲೆಗಳೇಕೆ? ಹಾಗಾಗಿ ಒಂದು ಸುತ್ತು ಬಿಟ್ಟು ಒಂದು ಸುತ್ತಿನಲ್ಲಿ ಜಾಗ ಜರುಗಿಸುತ್ತೇನೆ:

ಸು 4: 1ಸಿಂ, ಹೆ, [2ಸಿಂ, ಹೆ] × 5, 1ಸಿಂ = 24

ಸರಿಯೇ ಎಂದು ನೋಡಿ. ಕೆಳಗಿನಿಂದ ನುಂಗಿದ್ದು 1, 1, ಆಮೇಲೆ 15, ಕೊನೆಗೆ 1, ಒಟ್ಟು 18. ಕೊಟ್ಟದ್ದು 1, 2, ಆಮೇಲೆ 20, ಕೊನೆಗೆ 1, ಒಟ್ಟು 24. ಎಣಿಕೆ ಅದೇ, ತಲೆ ದುಂಡಗೆ. ತಿರುಗಿ ಬರೆಯುವುದರಿಂದ ಸಿಗುವ ನಿಜವಾದ ಲಾಭ ಇದು: ಬರೆಯುವಾಗ ಪ್ಯಾಟರ್ನ್ ಏನು ಮಾಡಲು ಹೊರಟಿದೆ ಎಂಬುದು ಅರ್ಥವಾಗಿಬಿಡುತ್ತದೆ, ಮತ್ತೆ ನಮ್ಮ ಇಷ್ಟಕ್ಕೆ ಬದಲಿಸುವ ಧೈರ್ಯ ಬರುತ್ತದೆ.

"7ರಿಂದ 11ನೆಯ ಸುತ್ತು: ಪ್ರತಿ ಸ್ಟಿಚ್‌ಗೂ ಒಂದು ಸಿಂಗಲ್" ಎಂಬ ಕಡೆ ನಾನು ಐದು ಪುಟ್ಟ ಚೌಕ ಬರೆದು, ಸುತ್ತು ಮುಗಿದಂತೆಲ್ಲ ಒಂದೊಂದಕ್ಕೆ ಗುರುತು ಹಾಕುತ್ತೇನೆ. 7ರಿಂದ 11 ಎಂದರೆ ನಾಲ್ಕು ಎಂದುಕೊಳ್ಳುವ ಚಟ ನನಗಿದೆ, ಚೌಕಗಳು ಅದನ್ನು ತಡೆಯುತ್ತವೆ. ಅಕ್ಕನಿಗೆ ಇದೂ ಸಾಲದು. ಅವಳು ಐದೂ ಸುತ್ತನ್ನು ಐದು ಸಾಲಾಗಿ ಬಿಡಿಸಿ ಬರೆದುಕೊಂಡು, ಮುಗಿದ ಸಾಲನ್ನು ಅಡ್ಡಗೆರೆ ಎಳೆದು ಹೊಡೆದುಹಾಕುತ್ತಾಳೆ. ಆ ಗೆರೆ ಎಳೆಯುವ ಸುಖಕ್ಕಾಗಿಯೇ ಬರೆಯುತ್ತಾಳೇನೋ.

ಪಾಪ್‌ಕಾರ್ನ್, ಪಫ್, ಬಾಬಲ್, ಕ್ಲಸ್ಟರ್ ಎಂಬ ಉಬ್ಬು ಸ್ಟಿಚ್‌ಗಳು ಬಂದರೆ ಹೆಸರನ್ನು ನಂಬಿ ಮುಂದುವರಿಯಬೇಡಿ. ಒಬ್ಬರ ಬಾಬಲ್‌ನಲ್ಲಿ ಮೂರು ಡಬಲ್, ಇನ್ನೊಬ್ಬರದರಲ್ಲಿ ಐದು. ಆ ಪ್ಯಾಟರ್ನ್‌ನ ವಿವರಣೆಯನ್ನು ಅದೇ ಪುಟದ ಅಂಚಿನಲ್ಲಿ ಪೂರ್ತಿ ಬರೆದುಕೊಳ್ಳಿ. ಸಾಲು ಪುಟದ ಕೊನೆಯಲ್ಲಿ ಅರ್ಧಕ್ಕೆ ಮುರಿಯದಂತೆಯೂ ನೋಡಿಕೊಳ್ಳಿ.

ಒಂದು ಮಾತು: ಇದು ನಿಮ್ಮ ಬಳಕೆಯ ನಕಲು. ಬೇರೊಬ್ಬರ ಪ್ಯಾಟರ್ನನ್ನು ನಿಮ್ಮ ಭಾಷೆಗಿಳಿಸಿದಿರೆಂಬ ಕಾರಣಕ್ಕೆ ಅದು ಹಂಚಲು ನಿಮ್ಮದಾಗುವುದಿಲ್ಲ.

ಹೆಜ್ಜೆ 7: ಕಡ್ಡಿ, ಗೇಜ್, ಅಳತೆ

ಕಡ್ಡಿಯ ದಪ್ಪವನ್ನು ಮಿಲಿಮೀಟರಿನಲ್ಲೇ ಬರೆದುಕೊಳ್ಳಿ. ಅಮೆರಿಕದ ಎಚ್-8 ಎಂಬುದು 5 ಮಿ.ಮೀ.; ಬ್ರಿಟನ್ನಿನ ಹಳೆಯ ಸಂಖ್ಯೆಗಳಲ್ಲಿ ಅದೇ ಕಡ್ಡಿ 6. ಅಲ್ಲಿ ಸಂಖ್ಯೆ ದೊಡ್ಡದಾದಂತೆ ಕಡ್ಡಿ ಸಣ್ಣದಾಗುತ್ತದೆ. ಇಂಥ ಗೋಜಲಿನಲ್ಲಿ ಮಿಲಿಮೀಟರ್ ಒಂದೇ ನಂಬಿಕಸ್ಥ.

ಗೊಂಬೆಗೆ ಗೇಜ್ ಅಷ್ಟಾಗಿ ಬೇಕಿಲ್ಲ, ಉಡುಪಿಗೆ ಬೇಕೇ ಬೇಕು. ಪ್ಯಾಟರ್ನ್ 10 ಸೆಂ.ಮೀ.ಗೆ 16 ಸ್ಟಿಚ್ ಎನ್ನುತ್ತದೆ, ನಿಮ್ಮ ಕೈ ಬಿಗಿಯಾಗಿದ್ದು 18 ಬರುತ್ತದೆ ಎನ್ನಿ. 80 ಸ್ಟಿಚ್‌ನ ಅಗಲ ಅವರಿಗೆ 50 ಸೆಂ.ಮೀ., ನಿಮಗೆ 44 ಚಿಲ್ಲರೆ. ಸ್ವೆಟರಿನ ಮುಂಭಾಗದಲ್ಲೇ ಐದೂವರೆ ಸೆಂಟಿಮೀಟರ್ ಮಾಯ, ಬೆನ್ನಿನಲ್ಲಿ ಮತ್ತಷ್ಟು. ಇದು ಮೊದಲೇ ತಿಳಿಯಲು ಒಂದು ಮಾದರಿ ತುಂಡು ಹೆಣೆದು ಅಳೆಯಬೇಕು; ಅದು ಬೇಸರವೆಂದು ನನಗೂ ಗೊತ್ತು.

ಉಡುಪಿನ ಪ್ಯಾಟರ್ನ್‌ಗಳಲ್ಲಿ "ಇದರ ಜೊತೆಗೇ" ಎಂಬ ಪದ ಇದೆಯೇ ಎಂದು ಮೊದಲೇ ಹುಡುಕಿ. ತೋಳಿನ ಕಡೆ ಹೇಗೆ ಕಡಿಮೆ ಮಾಡುತ್ತ ಹೋಗಬೇಕೆಂದು ಒಂದು ಪುಟ ವಿವರಿಸಿ, ಕೊನೆಯಲ್ಲಿ "ಇದರ ಜೊತೆಗೇ, ಮೂರನೆಯ ಸಾಲಿನಿಂದ ಕತ್ತನ್ನೂ ರೂಪಿಸಿ" ಎನ್ನುತ್ತಾರೆ. ಅಷ್ಟು ಹೊತ್ತಿಗೆ ನೀವು ಹತ್ತನೆಯ ಸಾಲಿನಲ್ಲಿರುತ್ತೀರಿ. ಅಂಥ ಭಾಗವನ್ನು ಸಾಲುಗಳು ಕೆಳಗಿನಿಂದ ಮೇಲಕ್ಕೆ, ತೋಳು ಎಡಕ್ಕೆ, ಕತ್ತು ಬಲಕ್ಕೆ ಬರುವಂತೆ ಎರಡು ಅಂಕಣ ಮಾಡಿ ಬರೆಯಿರಿ.

ಹೆಜ್ಜೆ 8: ಚಿತ್ರ ಮತ್ತು ವಿಡಿಯೊ ನೆಚ್ಚುವವರಿಗೆ

ಕಡ್ಡಿಯನ್ನು ಎಲ್ಲಿ ಚುಚ್ಚಬೇಕು ಎಂಬುದನ್ನು ಚಿತ್ರದಷ್ಟು ಚೆನ್ನಾಗಿ ಯಾವ ವಾಕ್ಯವೂ ಹೇಳದು. ಮೂಲೆ, ಲೇಸು, ಹೂವು ಇವುಗಳಿಗೆ ಚಿತ್ರವೇ ಸರಿ. ಗೊಂಬೆಯಂಥ ಉಬ್ಬಿದ ಆಕಾರಕ್ಕೆ ಅಲ್ಲ. ಎಡಗೈಯವರು ನೆನಪಿಡಬೇಕಾದದ್ದು: ಸುತ್ತಿನ ಚಿತ್ರಗಳನ್ನು ಬಲಗೈಯವರು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಓದುತ್ತಾರೆ, ನೀವು ಮುಳ್ಳಿನ ದಿಕ್ಕಿನಲ್ಲೇ ಓದಿ. ಅಕ್ಷರ ಅಥವಾ ಮುಖ ಮೂಡಿಸುವ ಬಣ್ಣದ ಹೆಣಿಗೆಯಾದರೆ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿಕೊಳ್ಳಿ.

ವಿಡಿಯೊ ನೋಡಿ ಹೆಣೆಯುವವರು ಪ್ರತಿ ಸುತ್ತು ಎಷ್ಟನೆಯ ನಿಮಿಷದಲ್ಲಿ ಶುರುವಾಗುತ್ತದೆ ಎಂದು ಬರೆದುಕೊಂಡರೆ ಸಾಕು, ಬೆರಳಿನಿಂದ ಹಿಂದೆ ಮುಂದೆ ಎಳೆದಾಡುವುದು ತಪ್ಪುತ್ತದೆ.

ಹೆಜ್ಜೆ 9: ಬೇರೆಯವರಿಗಾಗಿ ಬರೆಯುವಾಗ

ಇಲ್ಲಿ ನಿಮ್ಮ ರುಚಿಯನ್ನು ಸ್ವಲ್ಪ ಬದಿಗಿಡಬೇಕು. ಮೇಲೆಯೇ ಯಾವ ದೇಶದ ಹೆಸರುಗಳು, ಕಡ್ಡಿಯ ಮಿಲಿಮೀಟರ್, ಗೇಜ್, ಏರಿಸುವ ಚೈನಿನ ಲೆಕ್ಕ. ಪ್ರತಿ ಸುತ್ತಿಗೆ ಹೊಸ ಸಾಲು, ಕೊನೆಗೆ ಎಣಿಕೆ. ವಿಶೇಷ ಸ್ಟಿಚ್‌ಗಳ ವಿವರಣೆ ಮೊದಲಿಗೇ ಬರಲಿ. ಅಳತೆಗಳನ್ನು ಬಣ್ಣದಿಂದ ಮಾತ್ರ ಬೇರ್ಪಡಿಸಬೇಡಿ, ಕಪ್ಪು ಬಿಳುಪಿನಲ್ಲಿ ಮುದ್ರಿಸಿಕೊಂಡವರಿಗೆ ಎಲ್ಲವೂ ಬೂದು. ಚಿತ್ರ ಕೊಟ್ಟರೂ ಬರಹ ಇರಲಿ. ಕಣ್ಣು ಕಾಣದೆ, ಮೊಬೈಲ್ ಓದಿ ಹೇಳುವುದನ್ನು ಕೇಳಿ ಹೆಣೆಯುವವರಿಗೆ ಚಿತ್ರ ಮೂಕ. ನಿಮ್ಮ ಮನೆಯ ಬೆಕ್ಕಿನ ಕಥೆ ಹೇಳಲೇಬೇಕೆನಿಸಿದರೆ ಹೇಳಿ, ಆದರೆ ಮೂರನೆಯ ಮತ್ತು ನಾಲ್ಕನೆಯ ಸುತ್ತಿನ ನಡುವೆ ಬೇಡ.

ಬರೆದು ಮುಗಿದ ಮೇಲೆ ನಿಮ್ಮ ಸ್ವಭಾವಕ್ಕೆ ತದ್ವಿರುದ್ಧವಾಗಿ ಓದುವ ಒಬ್ಬರನ್ನು ಹುಡುಕಿ, ಕಾಗದ ಕೊಟ್ಟು ಪಕ್ಕದಲ್ಲಿ ಕುಳಿತುಕೊಳ್ಳಿ. ಬಾಯಿ ಬಿಡಬೇಡಿ. ಅವರ ಕಡ್ಡಿ ಎಲ್ಲಿ ನಿಲ್ಲುತ್ತದೋ ಆ ಜಾಗಕ್ಕೆ ನಿಮ್ಮ ಪ್ರತಿಯಲ್ಲಿ ಚುಕ್ಕೆ ಇಡಿ. ನನ್ನ ಟೋಪಿಯ ಹನ್ನೆರಡು ಸಾಲಿನ ಪ್ಯಾಟರ್ನನ್ನು ಅಕ್ಕನಿಗೆ ಕೊಟ್ಟು ಹೀಗೆ ಕುಳಿತಿದ್ದೆ. ಅವಳು ಏಳು ಕಡೆ ನಿಂತಳು. ಏಳನೆಯ ಸಲ ಕಡ್ಡಿ ಕೆಳಗಿಟ್ಟು, "ಈ ಸುತ್ತಿಗೆ 64 ಎಂದು ಬರೆದಿದ್ದೀಯಲ್ಲ, ನನಗೆ 60 ಬರುತ್ತಿದೆ" ಎಂದಳು. ಎಣಿಸಿ ನೋಡಿದೆ. ಅವಳದ್ದೇ ಸರಿ.